ಕಾಲುಸಂಕದ ಅರ್ಜಿಗೆ ಹಿಂಬರಹವಾದರೂ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಊರಿನ ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟುವುದು ಎರಡು ಅಡಿಕೆ ಮರದ ಕಾಂಡಗಳ ಮೇಲೆ. ಮಳೆ ಜೋರಾದರೆ ಕಾಂಡಗಳ ಮೇಲೆ ಪಾಚಿ ಕಟ್ಟುತ್ತದೆ, ಹಿಡಿದುಕೊಳ್ಳಲು ಇರುವುದು ಒಂದು ಬದಿಯ ಬಿದಿರು ಮಾತ್ರ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಪುಟ್ಟ ಬಾಲಕಿಯೊಬ್ಬಳು ಇಂಥದೇ ಕಾಲುಸಂಕದಿಂದ, ಅಂದರೆ ನಡೆದು ದಾಟುವ ಕಿರುಸೇತುವೆಯಿಂದ, ಬಿದ್ದು ನೀರುಪಾಲಾದಳು. ಅಂಗನವಾಡಿಯಲ್ಲಿ ಮಕ್ಕಳ ನಡುವೆಯೇ ಬದುಕು ಕಳೆದ ನನಗೆ ಆ ಸುದ್ದಿ ಇಂದಿಗೂ ಸಂಕಟ ತರುತ್ತದೆ.

ಸಿಮೆಂಟಿನ ಕಾಲುಸಂಕ ಕೇಳಿ ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ಹಣಕಾಸು ಆಯೋಗದ ಅನುದಾನ ಸಾಲದು ಎಂದರು ಪಂಚಾಯಿತಿಯಲ್ಲಿ. ಅದು ಸುಳ್ಳಲ್ಲ, 15ನೇ ಆಯೋಗವು ಶೇ 60ರಷ್ಟು ಹಣವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಶಾಸಕರ ನಿಧಿ ಕೇಳಿ ಎಂದರು. ವರ್ಷಕ್ಕೆ 2 ಕೋಟಿ ರೂಪಾಯಿಯ ಆ ನಿಧಿಗೆ ಕ್ಷೇತ್ರದ ಎಲ್ಲ ಊರುಗಳ ಬೇಡಿಕೆಯೂ ಇರುತ್ತದೆ. ಅಲ್ಲಿಂದ ಸಂಸದರ ನಿಧಿಯತ್ತ ಕಳುಹಿಸಿದರು. ಸಂಸದರು ಶಿಫಾರಸು ಮಾಡಬಹುದಷ್ಟೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಅದಕ್ಕೆ ಅಂದಾಜುಪಟ್ಟಿ ಬೇಕು. ಮೇಲಿನಿಂದ ಪತ್ರ ಬಾರದೆ ಎಂಜಿನಿಯರ್ ಸ್ಥಳಕ್ಕೆ ಬರುವುದಿಲ್ಲ; ಅಂದಾಜುಪಟ್ಟಿ ಇಲ್ಲದೆ ಮೇಲಿನವರು ಪತ್ರ ಬರೆಯುವುದಿಲ್ಲ.

ಆಗುವುದಿಲ್ಲ ಎಂದು ಯಾವ ಕಚೇರಿಯೂ ಬರೆದು ಕೊಡಲಿಲ್ಲ. ನನ್ನ ದೂರು ಇರುವುದು ಅದರ ಬಗ್ಗೆಯೇ. ಬಾಯಿಮಾತಿನ ಉತ್ತರವನ್ನು ಹಿಡಿದುಕೊಂಡು ಮುಂದಿನ ಕಚೇರಿಗೆ ಹೋದರೆ ಯಾರೂ ನಂಬುವುದಿಲ್ಲ, ಮೇಲ್ಮನವಿಗೂ ಆಧಾರವಿಲ್ಲ. ಕೂಲಿ ಬಿಟ್ಟು ಬರುವ ಹೆಂಗಸರಿಗೆ ಪ್ರತಿ ಕಚೇರಿಯಲ್ಲೂ ಕತೆಯನ್ನು ಮೊದಲಿನಿಂದ ಹೇಳುವ ಕೆಲಸ.

ಜಾತಿ ಪ್ರಮಾಣಪತ್ರದ ಅರ್ಜಿಗೆ ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆಯಲ್ಲಿ ಗಡುವು ಇದೆ. ಊರಿನ ಸಾಮೂಹಿಕ ಕೆಲಸದ ಅರ್ಜಿಗೂ ಹಾಗೆಯೇ ಸ್ವೀಕೃತಿ ಸಂಖ್ಯೆ ಮತ್ತು ಗಡುವು ಇರಲಿ. ಹಣವಿಲ್ಲದಿದ್ದರೆ ಇಲ್ಲವೆಂದೇ ಹಿಂಬರಹ ಕೊಡಲಿ, ಯಾವ ಅನುದಾನಕ್ಕೆ ಯಾರ ಬಳಿ ಹೋಗಬೇಕೆಂಬುದೂ ಅದರಲ್ಲಿ ಇರಲಿ. ಸಂಸದರ, ಶಾಸಕರ ಪತ್ರಕ್ಕೆ ಕಾಯದೆ, ಗ್ರಾಮಸಭೆಯ ನಿರ್ಣಯದ ಮೇಲೆಯೇ ಎಂಜಿನಿಯರ್ ಅಂದಾಜುಪಟ್ಟಿ ತಯಾರಿಸುವಂತೆ ಪಂಚಾಯತ್ ರಾಜ್ ಇಲಾಖೆ ಸುತ್ತೋಲೆ ಹೊರಡಿಸಬೇಕು. ಬಾಕಿ ಅರ್ಜಿಗಳ ಪಟ್ಟಿಯನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ದಾಖಲಿಸಬೇಕು.

ಹಳ್ಳದಲ್ಲಿ ನೀರು ಏರಿದ ಮೇಲೆ ಅಡಿಪಾಯ ತೆಗೆಯಲು ಬರುವುದಿಲ್ಲ. ಆದ್ದರಿಂದ ಈ ಬೇಸಿಗೆಯೊಳಗೇ ಇದು ಆಗಬೇಕೆಂದು ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಕರಾವಳಿ