ಅದು 'ಅರಬ್ ಖಡ್ಗ' ಅಲ್ಲ, ಫ್ಲಿಸ್ಸಾ

ಸಂಪಾದಕರಿಗೆ ನಮಸ್ಕಾರ.

ಹಳೆಯ ಆಯುಧ ಕೂಡಿಡುವವರ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಮೊದಲ ಚಿತ್ರದ ಕೆಳಗೆ 'ಅರಬ್ ಖಡ್ಗ' ಅಂತ ಹಾಕಿದ್ದೀರಿ. ಅದು ತಪ್ಪು. ಚಿತ್ರ ಸರಿಯಾಗಿ ನೋಡಿ. ಬೆರಳಿಗೆ ಅಡ್ಡ ಕಾವಲು ಇಲ್ಲ, ಹಿಡಿಯ ತುದಿಯಲ್ಲಿ ಪ್ರಾಣಿಯ ತಲೆಯಂಥ ಆಕಾರ, ಅಲಗಿನ ಮೇಲೆ ಹಿತ್ತಾಳೆ ಕೂರಿಸಿದ ಚಿತ್ತಾರ, ಕೊನೆಗೆ ಸೂಜಿಯ ಹಾಗೆ ಚೂಪು. ಅದು ಫ್ಲಿಸ್ಸಾ, ಅಲ್ಜೀರಿಯಾದ ಬೆಟ್ಟಸೀಮೆ ಕಬಿಲಿಯಾದ ಜನರ ಕತ್ತಿ. ಆ ಹೆಸರು ಬಂದದ್ದೂ ಅಲ್ಲಿನ ಇಫ್ಲಿಸ್ಸೆನ್ ಬುಡಕಟ್ಟಿನಿಂದ. ಅವರು ಅರಬರಲ್ಲ, ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಅಮಾಜಿಗ್ (ಬರ್ಬರ್) ಜನ, ಅವರ ನುಡಿಯೇ ಬೇರೆ. ಆ ನುಡಿಗೆ ಅಲ್ಜೀರಿಯಾದಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದೇ 2016ರಲ್ಲಿ. ಯಾರೋ ನಮ್ಮನ್ನು ಸುಮ್ನೆ 'ಮದ್ರಾಸಿ' ಅಂದುಬಿಟ್ಟರೆ ನಮಗೆ ಹೇಗಾಗುತ್ತದೆ?

ನಾನು ಫ್ರಾನ್ಸಿನ ಲಿಯಾನ್‌ನಲ್ಲಿ ಕೆಲಸಕ್ಕಿದ್ದಾಗ ಹಳೆ ಸಾಮಾನಿನ ಸಂತೆಯಲ್ಲಿ ನನ್ನ ಮೊದಲ ಫ್ಲಿಸ್ಸಾ ಸಿಕ್ಕಿತು, ಅದಕ್ಕೂ ಮಾರುವವನು 'ಅರಬ್ ಕತ್ತಿ' ಅಂತಲೇ ಚೀಟಿ ಅಂಟಿಸಿದ್ದ, ನಾನೂ ಎರಡು ವರ್ಷ ಹಾಗೇ ನಂಬಿದ್ದೆ. ಫ್ರಾನ್ಸಿನಲ್ಲಿ ಇವು ಸಿಗುವುದಕ್ಕೆ ಕಾರಣ ಇದೆ. 1830ರಲ್ಲಿ ಅಲ್ಜಿಯರ್ಸ್ ಹಿಡಿದ ಫ್ರೆಂಚ್ ಸೈನ್ಯ ಕಬಿಲಿಯಾವನ್ನು ಗೆದ್ದದ್ದು 1857ರಲ್ಲಿ. ಸೈನಿಕರು ಊರಿಗೆ ಮರಳುವಾಗ ಕತ್ತಿಗಳನ್ನೂ ಹೊತ್ತು ತಂದರು. ಕತ್ತಿ ಹೋಯಿತು, ಹೆಸರನ್ನೂ ನಾವೇ ಅಳಿಸಬೇಕಾ?

ಎರಡನೇ ಚಿತ್ರದ ನೇರ ಕತ್ತಿಯ ಅಲಗು ಜರ್ಮನಿಯದ್ದು, ಹಾಗಾಗಿ ಅದು ಯುರೋಪಿನ ಕತ್ತಿ ಅಂತ ಬರೆದಿದ್ದೀರಿ. ಅಲ್ಲ, ಅದು ಸಹಾರಾದ ಟುವಾರೆಗ್ ಜನರ ತಕೂಬಾ. ಸೋಲಿಂಗೆನ್‌ನಂಥ ಊರುಗಳಿಂದ ಅಲಗು ಬರುತ್ತಿತ್ತು ನಿಜ, ಆದರೆ ಅದಕ್ಕೆ ಹಿಡಿ ಕೂರಿಸಿ ತೊಗಲು ಹೊದಿಸಿ ಕತ್ತಿ ಮಾಡಿದವರು ಟುವಾರೆಗ್ ಕಮ್ಮಾರರು, ಅವರನ್ನು ಇನಾಡನ್ ಅನ್ನುತ್ತಾರೆ. ನಮ್ಮ ದಖ್ಖನಿನ ಫಿರಂಗಿ ಕತ್ತಿಯೂ ಹೀಗೇ ಅಲ್ವಾ? ಅಲಗು ಯುರೋಪಿನದು, ಹಿಡಿ ಇಲ್ಲಿಯದು. ಅದನ್ನು ಪೋರ್ಚುಗೀಸರ ಕತ್ತಿ ಅಂದರೆ ನಾವು ಒಪ್ಪುತ್ತೇವಾ?

ಇನ್ನೊಂದು. ಆ ಕತ್ತಿಗಳು ಫಳಫಳ ಹೊಳೆಯುವುದನ್ನು ಬರಹದಲ್ಲಿ ಹೊಗಳಿದ್ದೀರಿ. ನೋಡಿ ನನಗೆ ಹೊಟ್ಟೆ ಉರಿಯಿತು. ಉಪ್ಪುಕಾಗದ ಹಾಕಿ ಉಜ್ಜಿದರೆ ಹಿತ್ತಾಳೆಯ ಚಿತ್ತಾರವೂ ಕಮ್ಮಾರನ ಗುರುತೂ ಸವೆದುಹೋಗುತ್ತವೆ. ತೆಳುವಾಗಿ ಎಣ್ಣೆ ಒರೆಸಿದರೆ ಸಾಕು.

ಮುಂದಿನ ವಾರ ದಯವಿಟ್ಟು ಹೆಸರು ತಿದ್ದಿ ಹಾಕಿ: ಫ್ಲಿಸ್ಸಾ, ಕಬಿಲಿಯಾ, ಅಲ್ಜೀರಿಯಾ. ಕತ್ತಿ ಇಟ್ಟುಕೊಂಡಿರುವವರಿಗೂ ತಿಳಿಸಿ. ಅದರ ಕೆತ್ತನೆಯ ಮರದ ಒರೆ ಅವರ ಹತ್ತಿರ ಇದೆಯಾ ಅಂತಲೂ ಕೇಳಿ, ಇದ್ದರೆ ಅದರ ಚಿತ್ರವನ್ನೂ ಹಾಕಿ.

ಇಂತಿ ನಿಮ್ಮ ಓದುಗ,
ಧಾರವಾಡ