ಟಿಳಕವಾಡಿಯ ಆ ಅಣ್ಣಾರಿಗೆ

ಶನಿವಾರ ಸಂಜೆ ಬೆಳಗಾವಿಯ ಟಿಳಕವಾಡಿಯ ಹೋಟೆಲಿನಲ್ಲಿ ನಮ್ಮ ಸಾಲ್ಸಾ ನೃತ್ಯದ ವಿದ್ಯಾರ್ಥಿಗಳು ಮೊದಲ ಸಲ ಹೊರಗಿನವರ ನಡುವೆ ಕುಣಿದರು. ಹೆಸರು ಹೇಳದೇ ಹೋದ ಅಣ್ಣಾರ, ಈ ಮಾತು ನಿಮಗಾಗಿ.

ನೆಲಕ್ಕೆ ಪೌಡರ್ ಉದುರಿಸಲು ಬಂದವರನ್ನು ನೀವು ತಡೆದಿರಿ. ದೊಡ್ಡ ಉಪಕಾರ ಅದು. ಪಾಲಿಶ್ ಗ್ರಾನೈಟ್ ಮೇಲೆ ಪೌಡರ್ ಬಿದ್ದರೆ ಹಿಮ್ಮಡಿ ಜಾರುತ್ತದೆ. ಶರಬತ್ತು ಚೆಲ್ಲಿ ಅಂಟಾದ ಕಡೆ ಇನ್ನೂ ಅಪಾಯ: ರಬ್ಬರ್ ಸೋಲ್ ಕಚ್ಚಿಕೊಂಡು ಪಾದ ಅಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ಮೊಣಕಾಲು ಉಳುಕುತ್ತದೆ. ನೀವು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಒಣಬಟ್ಟೆ ಎಳೆದಿರಿ. ಅಷ್ಟೇ ಬೇಕಿತ್ತು.

ಇಕ್ಕಟ್ಟಿನಲ್ಲಿ ಹಿಂದಿಡುವ ಹೆಜ್ಜೆ ಒಂದು ಪಾದದ ಅಳತೆ ದಾಟಬಾರದು, ದಾಟಿದರೆ ಹಿಂದಿನವರ ಕಾಲು ತುಳಿತ. ನೀವು ಟೇಬಲ್ ಸರಿಸಿಕೊಟ್ಟಿದ್ದರಿಂದ ಹೊಸಬರೂ ಎಂಟು ಎಣಿಕೆಯ ತಾಳದಲ್ಲಿ 1-2-3, 5-6-7 ಎಣಿಸಿ ಹೆಜ್ಜೆಯಿಟ್ಟು, 4 ಮತ್ತು 8ಕ್ಕೆ ತಡೆದು ನಿರಾಳವಾಗಿ ಕುಣಿದರು. ಸ್ಪೀಕರಿನ ಬೇಸ್, ಅಂದರೆ ಗುಂಯ್‌ಗುಡುವ ದಪ್ಪ ದನಿ, ಇಳಿಸಿದ್ದೂ ನೀವೇ; ತಾಳ ಕಿವಿಗೆ ಬಿದ್ದದ್ದು ಆಮೇಲೆ. ಭಾಳ ಉಪಕಾರ ಆತ್ರೀ.