ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಹೇಗೆ: ಸಾಗರದ ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಮುಂದಿನ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದು ಊರಿನವರು ಒತ್ತಾಯಿಸುತ್ತಿದ್ದಾರೆಂದೂ, ಕೈಯಲ್ಲಿ ಹಣವಿಲ್ಲದ, ಬೆನ್ನಿಗೆ ದೊಡ್ಡವರಿಲ್ಲದ ಮನುಷ್ಯನಿಗೆ ಇದು ಆಗುಹೋಗುವ ಮಾತೇ ಎಂದೂ ಕೇಳಿದ್ದೀಯೆ. ಉತ್ತರವನ್ನು ನಿಮ್ಮ ಸೀಮೆಯಿಂದಲೇ ವಿಧಾನಸಭೆಗೆ ಬಂದ ಶಾಂತವೇರಿ ಗೋಪಾಲಗೌಡರಲ್ಲಿ ಹುಡುಕೋಣ ಎಂದುಕೊಂಡಿದ್ದೇನೆ. ಇಲ್ಲಿ ವಿಧಾನಸೌಧದ ಸಮೀಪದ ವೃತ್ತಕ್ಕೆ ಅವರ ಹೆಸರಿದೆ. ದಿನವೂ ಆ ವೃತ್ತವನ್ನು ಬಳಸಿಕೊಂಡು ಹೋಗುವ ಸಾವಿರಾರು ಜನರಿಗೆ ಅದೊಂದು ಸಿಗ್ನಲ್ಲಿನ ಹೆಸರು ಮಾತ್ರ. ಅವರನ್ನು ಬಲ್ಲವರಾದರೂ ಪ್ರಾಮಾಣಿಕ ರಾಜಕಾರಣಿ ಎಂದು ಒಂದು ಮಾತು ಹೇಳಿ ಕೈಮುಗಿದು ಸುಮ್ಮನಾಗುತ್ತಾರೆ. ಅವರು ಗೆದ್ದದ್ದು ಹೇಗೆ, ಜನ ಅವರನ್ನೇ ಏಕೆ ಆರಿಸಿದರು ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ.

ಅವರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಅನುಕೂಲಸ್ಥ ಮನೆತನವೇನೂ ಅಲ್ಲ. 1942ರ ಚಲೇಜಾವ್ ಚಳವಳಿಯ ಹೊತ್ತಿಗೆ ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ಅದಕ್ಕೆ ಧುಮುಕಿ ಸೆರೆಮನೆ ಕಂಡರು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡಿತ್ತು, ಮರುವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಇಡೀ ಜಿಲ್ಲೆಯ ಹುಡುಗರು ಬೆಳೆದ ಕಾಲ ಅಂಥದ್ದು. ಸ್ವಾತಂತ್ರ್ಯ ಬಂದ ಮೇಲೆ ಆ ತಲೆಮಾರಿನ ಬಹಳ ಮಂದಿ ಕಾಂಗ್ರೆಸ್ಸಿನಲ್ಲೇ ಉಳಿದರು. ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಆರಿಸಿಕೊಂಡು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ದಾರಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಅವರನ್ನು ಶಾಸಕರನ್ನಾಗಿ ಮಾಡಿದ್ದು ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯ ಗೇಣಿದಾರರ ಸತ್ಯಾಗ್ರಹ. ನಿನ್ನ ಮನೆಯಂಗಳದ ಕಥೆಯನ್ನು ನಿನಗೇ ಹೇಳುತ್ತಿದ್ದೇನೆ, ಆದರೂ ಹೇಳಲೇಬೇಕು. ಸುಗ್ಗಿಯಲ್ಲಿ ಕಣದಲ್ಲಿ ತೂರಿ ರಾಶಿ ಹಾಕಿದ ಭತ್ತವನ್ನು ಒಡೆಯರ ಕಡೆಯವರು ತಮ್ಮದೇ ಕೊಳಗದಿಂದ ಅಳೆದುಕೊಳ್ಳುತ್ತಿದ್ದರು. ಗೇಣಿ, ಅಂದರೆ ಉಳುವ ಭೂಮಿಗೆ ಒಡೆಯನಿಗೆ ಕೊಡುವ ಪಾಲು, ಇಷ್ಟು ಖಂಡುಗ (ಇಪ್ಪತ್ತು ಕೊಳಗಕ್ಕೊಂದು ಖಂಡುಗ) ಎಂದು ಬಾಯಿಮಾತಿನ ಕರಾರು ಇರುತ್ತಿತ್ತೇ ಹೊರತು, ಆ ಕೊಳಗ ಎಷ್ಟು ಸೇರು ಹಿಡಿಯಬೇಕೆಂಬುದನ್ನು ತೀರ್ಮಾನಿಸುವವರು ಒಡೆಯರೇ. ಕೊಳಗ ತುಸು ದೊಡ್ಡದಾದರೆ ಸಾಕು, ಕರಾರಿನ ಮಾತು ಒಂದಿಷ್ಟೂ ಬದಲಾಗದೆ ರಾಶಿ ಕರಗುತ್ತಿತ್ತು, ಒಕ್ಕಲಿನ ಮನೆಯ ಪಣತ (ಕಣಜ) ಬರಿದಾಗುತ್ತಿತ್ತು. ಅದರ ಜೊತೆಗೆ ಪಂಚೆಯನ್ನು ಮೊಣಕಾಲಿನಿಂದ ಕೆಳಗೆ ಉಡಬಾರದು ಎಂಬಂಥ ಅವಮಾನಗಳು. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನ ಗೇಣಿದಾರರನ್ನು, ಮುಖ್ಯವಾಗಿ ದೀವರೆಂಬ ಸಮುದಾಯದವರನ್ನು, ರೈತ ಸಂಘದ ಕೆಳಗೆ ಒಟ್ಟುಗೂಡಿಸಿದರು. ಒಡೆಯರು ಉಳುಮೆಗೆ ಅಡ್ಡಿ ಮಾಡಿದಾಗ 1951ರ ಏಪ್ರಿಲ್‌ನಲ್ಲಿ ಒಕ್ಕಲುಗಳು ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಆ ಹೋರಾಟವನ್ನು ತನ್ನದಾಗಿಸಿಕೊಂಡಿತು. ಜೂನ್‌ನಲ್ಲಿ ಲೋಹಿಯಾ ಅವರೇ ಬಂದು ಸೆರೆಯಾದರು. ಇಪ್ಪತ್ತೆಂಟು ವರ್ಷದ ಗೋಪಾಲಗೌಡರು ಊರೂರು ಅಲೆದು, ಭಾಷಣ ಮಾಡಿ, ಜೈಲಿಗೆ ಹೋಗುವವರ ಮನೆಗಳಿಗೆ ಧೈರ್ಯ ಹೇಳಿ ಆ ಚಳವಳಿಯ ದನಿಯಾದರು. ಅವರು ದೀವರಲ್ಲ ಎಂಬುದನ್ನೂ ಗಮನಿಸು. ಜಾತಿಯ ಬಲವಿಲ್ಲವೆಂದು ನೀನು ಕೊರಗಿದ್ದೀಯಲ್ಲ, ಅದಕ್ಕಾಗಿ ಈ ಮಾತು.

ಕಾಗೋಡಿನ ಒಕ್ಕಲುಗಳಿಗೆ ಆ ವರ್ಷ ಭೂಮಿ ಸಿಗಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಹಳೆಯ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಲು ಆಸ್ತಿಯೋ ಕಂದಾಯವೋ ವಿದ್ಯೆಯೋ ಬೇಕಾಗಿತ್ತು. ಈಗ ಭೂಮಿಯಿಲ್ಲದ ಗೇಣಿದಾರನಿಗೂ ಅವನ ಹೆಂಡತಿಗೂ ಒಡೆಯನಿಗಿದ್ದಷ್ಟೇ ತೂಕದ ಮತ ದೊರೆಯಿತು. ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರ ಎದುರಿಗಿದ್ದವರು ಕಾಂಗ್ರೆಸ್ಸಿನ ಬದರಿನಾರಾಯಣ ಅಯ್ಯಂಗಾರ್. ಹಣ, ಭೂಮಿ, ಆಳುವ ಪಕ್ಷ ಎಲ್ಲವೂ ಒಂದೇ ಕಡೆಗಿತ್ತು. ಇವರ ಕಡೆಗಿದ್ದದ್ದು ಜೈಲಿಗೆ ಹೋಗಿ ಬಂದವರ ಮನೆಗಳು. ‘ಒಂದು ಓಟು, ಒಂದು ನೋಟು’ ಎಂದು ಕೇಳಿಕೊಂಡು ಹೊರಟರೆಂದು ಮಲೆನಾಡಿನ ಹಿರಿಯರು ಇಂದಿಗೂ ನೆನೆಯುತ್ತಾರೆ: ಮತದ ಜೊತೆಗೆ ಖರ್ಚಿನ ಹಣವನ್ನೂ ಮತದಾರನೇ ಕೊಡಬೇಕು. ನನಗೆ ಇದು ಬಡತನದ ಉಪಾಯವಾಗಿ ಕಾಣುವುದಿಲ್ಲ. ಒಂದು ರೂಪಾಯಿ ಕೊಟ್ಟವನು ನಾಳೆ ಲೆಕ್ಕ ಕೇಳುವ ಹಕ್ಕನ್ನೂ ಇಟ್ಟುಕೊಳ್ಳುತ್ತಾನೆ; ಒಂದು ಸಾವಿರ ಪಡೆದವನಿಗೆ ಆ ಹಕ್ಕು ಉಳಿಯುವುದಿಲ್ಲ. ಗೋಪಾಲಗೌಡರು ಗೆದ್ದರು.

1952ರ ಜೂನ್ 18ರಂದು ಹೊಸ ವಿಧಾನಸಭೆ ಸೇರಿದಾಗ ವಿಧಾನಸೌಧ ಇನ್ನೂ ಕಟ್ಟಡದ ಕೆಲಸದಲ್ಲಿತ್ತು. ಸದನ ನಡೆದದ್ದು ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯಲ್ಲಿ. ಚುನಾಯಿತರಾದ 99 ಸದಸ್ಯರಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು. ಮಂತ್ರಿಯಾಗುವ ಆಸೆಯನ್ನು ಯಾರೂ ಇಟ್ಟುಕೊಳ್ಳಲಾಗದ ಆ ಬೆಂಚಿನಲ್ಲಿ ಕುಳಿತು ಗೋಪಾಲಗೌಡರು ಕನ್ನಡದಲ್ಲಿ ಭೂಮಿಯ ಮಾತು ಆಡಿದರು, ಆಡಳಿತ ಕನ್ನಡದಲ್ಲಿ ನಡೆಯಬೇಕೆಂದರು, ಏಕೀಕೃತ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಸಲ್ಲದು, ಕರ್ನಾಟಕವೆಂದೇ ಆಗಬೇಕೆಂದು ಪಟ್ಟು ಹಿಡಿದರು. ಅವರ ಸಿಟ್ಟಿನ ಕಥೆಗಳು ಬಹಳ ಪ್ರಚಲಿತವಾಗಿವೆ, ಅವು ಈಗ ಬೇಡ. ಸಿಟ್ಟಿನ ಹಿಂದೆ ಮನೆಪಾಠ ಮಾಡಿಕೊಂಡು ಬಂದ ಸದಸ್ಯನೊಬ್ಬನಿದ್ದ ಎಂಬುದು ನನಗೆ ಹೆಚ್ಚು ಮುಖ್ಯ.

1957ರಲ್ಲಿ ಅವರು ಸೋತರು. ಆ ಐದು ವರ್ಷಗಳನ್ನು ಅವರ ಜೀವನದ ಬಗ್ಗೆ ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಸದಸ್ಯತ್ವವಿಲ್ಲದ, ಸಂಬಳವಿಲ್ಲದ ಆ ಕಾಲದಲ್ಲಿ ಪಕ್ಷ ಬದಲಿಸಿದ್ದರೆ ಅವರಿಗೆ ಸ್ಥಾನಮಾನವೇನೂ ದುರ್ಲಭವಾಗಿರಲಿಲ್ಲ, ಬದಲಿಸಲಿಲ್ಲ. 1962ರಲ್ಲಿ ಮತ್ತು 1967ರಲ್ಲಿ ಮತ್ತೆ ಗೆದ್ದು ಬಂದರು. 1967ರ ಹೊತ್ತಿಗೆ ಅವರು ಒಂಟಿಯಾಗಿರಲಿಲ್ಲ: ಸೊರಬದಿಂದ ಎಸ್. ಬಂಗಾರಪ್ಪ ವಿಧಾನಸಭೆಗೂ, ಶಿವಮೊಗ್ಗದಿಂದ ಜೆ.ಎಚ್. ಪಟೇಲ್ ಲೋಕಸಭೆಗೂ ಸಮಾಜವಾದಿಗಳಾಗಿಯೇ ಆಯ್ಕೆಯಾದರು. ಲೋಕಸಭೆಯಲ್ಲಿ ಪಟೇಲರು ಕನ್ನಡದಲ್ಲಿ ಮಾತನಾಡಿದ್ದು ಈಗ ಎಲ್ಲರಿಗೂ ಗೊತ್ತಿದೆ. ಕಾಯಿಲೆಯಿಂದ ಗೋಪಾಲಗೌಡರ ದೇಹ ಕುಸಿದಿದ್ದ 1972ರಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಆಯ್ಕೆಯಾದರು. ಸತ್ಯಾಗ್ರಹ ನಡೆದ ಊರಿನ ಹೆಸರೇ ಶಾಸಕರ ಹಾಜರಿಯಲ್ಲಿ ಸೇರಿತು.

ಅವರು 1972ರ ಜೂನ್ 9ರಂದು ತೀರಿಕೊಂಡರು. ಆಗ ನಲವತ್ತೊಂಬತ್ತು ವರ್ಷ. ದೇವರಾಜ ಅರಸು ಮುಖ್ಯಮಂತ್ರಿಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಮುಂದಿನ ತಿಂಗಳೇ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯ ಸದನದ ಮುಂದೆ ಬಂತು. 1973ರ ನವೆಂಬರ್ 1ರಂದು ಹೆಸರು ಬದಲಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಉಳುವ ಭೂಮಿಯ ಹಕ್ಕು ಕೋರುವ ನಮೂನೆ 7ರ ಅರ್ಜಿ ಹಿಡಿದು ಗೇಣಿದಾರ ಭೂ ನ್ಯಾಯಮಂಡಳಿಯ ಮುಂದೆ ನಿಂತ. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ, ಬಾಯಿಮಾತಿನ ಗೇಣಿಯನ್ನು ಅವನು ತನ್ನ ಬಾಯಿಮಾತಿನಿಂದಲೇ ಸಾಬೀತುಪಡಿಸಬಹುದಾಗಿತ್ತು. ಇದನ್ನು ಗೋಪಾಲಗೌಡರ ಕಾನೂನು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಅದಕ್ಕೆ ಅರಸು ಅವರ ರಾಜಕೀಯ ಧೈರ್ಯ ಬೇಕಾಯಿತು, ಕರಾವಳಿಯ ರೈತ ಹೋರಾಟಗಳೂ ಇದ್ದವು. ಆದರೆ ಇಂಥ ಕಾನೂನು ನ್ಯಾಯವಾದದ್ದು ಎಂದು ಸದನಕ್ಕೂ ರಾಜ್ಯಕ್ಕೂ ಒಪ್ಪಿಗೆಯಾಗುವ ಹಾಗೆ ಇಪ್ಪತ್ತು ವರ್ಷ ಮಾತನಾಡಿದವರಲ್ಲಿ ಅವರು ಮೊದಲಿಗರ ಸಾಲಿನಲ್ಲಿದ್ದಾರೆ. ಒಂದು ದಿನವೂ ಮಂತ್ರಿಯಾಗದ ಶಾಸಕನೊಬ್ಬ ಇಷ್ಟು ಮಾಡಿದ.

ಈಗ ನಿನ್ನ ವಿಷಯ. ನೀನು ಬಗರ್‌ಹುಕುಂ ಸಾಗುವಳಿದಾರರ, ಅಂದರೆ ಅಪ್ಪಣೆಯಿಲ್ಲದೆ ಸರ್ಕಾರಿ ಭೂಮಿ ಉಳುತ್ತಿರುವವರ, ಸಕ್ರಮ ಕೋರುವ ನಮೂನೆ 57ರ ಅರ್ಜಿಗಳನ್ನು ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿರುವುದನ್ನು ನಾನು ಬಲ್ಲೆ. ನಿಲ್ಲಬೇಕೆಂದು ಒತ್ತಾಯಿಸುತ್ತಿರುವವರಲ್ಲಿ ಆ ಅರ್ಜಿದಾರರು ಎಷ್ಟು ಜನ ಇದ್ದಾರೆ? ಅವರೇ ಹೆಚ್ಚಾಗಿದ್ದರೆ ನಿಲ್ಲು. ಖರ್ಚಿಗೂ ಅವರನ್ನೇ ಕೇಳು, ಸಂಕೋಚಪಡಬೇಡ. ಒತ್ತಾಯ ಬೇರೆ ಕಡೆಯಿಂದ ಬರುತ್ತಿದ್ದರೆ ಈ ಸಲ ಬಿಟ್ಟು ಅರ್ಜಿಗಳ ಕೆಲಸವನ್ನೇ ಮುಂದುವರಿಸು. ಯಾವುದಕ್ಕೂ ತಿರಸ್ಕೃತವಾದ ಅರ್ಜಿಗಳ ಪ್ರತಿಗಳನ್ನು, ಕಾರಣ ನಮೂದಾಗಿರುವ ಹಿಂಬರಹದ ಸಮೇತ, ನನಗೆ ಕಳುಹಿಸಿಕೊಡು. ಕಂದಾಯದ ಕಾನೂನು ಬಲ್ಲ ಸ್ನೇಹಿತರು ಇಲ್ಲಿದ್ದಾರೆ, ಅವರೊಡನೆ ಕುಳಿತು ಒಂದೊಂದನ್ನೇ ನೋಡುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ